ಉದ್ದು ಬರ್ಮಾದ್ದು, ಎಣ್ಣೆ ಇಂಡೋನೇಷ್ಯಾದ್ದು. ಹುಡುಗ ಮಾತ್ರ ಪರದೇಶಿಯೇ?



ಹೋದ ತಿಂಗಳ ಸಭೆಯಲ್ಲಿ ಎದ್ದ ಗಲಾಟೆಯನ್ನು ನೀವು ಮರೆತಿರಲಾರಿರಿ. ಹೋಟೆಲುಗಳಲ್ಲಿ ಪಾತ್ರೆ ತೊಳೆಯುವ, ಹಿಟ್ಟು ರುಬ್ಬುವ ನೇಪಾಳಿ ಹುಡುಗರನ್ನೂ ನಮ್ಮ ಸಂಘದ ಸದಸ್ಯರನ್ನಾಗಿ ಮಾಡಿಕೊಳ್ಳಬೇಕೆಂದು ನಾನು ಸೂಚನೆ ಮುಂದಿಟ್ಟೆ. ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು, "ಇದು ಕನ್ನಡ ಕಾರ್ಮಿಕರ ಸಂಘವೋ, ಧರ್ಮಛತ್ರವೋ?" ಎಂದು ಕೇಳಿದರು. ಬಹಳ ಜನ ಚಪ್ಪಾಳೆ ತಟ್ಟಿದರು. ಆ ಹಿರಿಯರ ಮೇಲೆ ನನಗೆ ಗೌರವವಿದೆ. ದೋಸೆ ಕಾವಲಿಯ ಮುಂದೆ ನಿಂತೇ ತಲೆ ನರೆತವರು ಅವರು. ಅಂದು ಅವರಿಗೆ ತಕ್ಕ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಏಳನೆಯ ತರಗತಿಗೆ ಓದು ಬಿಟ್ಟವನಿಗೆ ಮಾತು ಜೋಡಿಸಲು ಸ್ವಲ್ಪ ಹೊತ್ತು ಬೇಕು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಪರದೇಶದ ಸಂಗತಿ ನಮಗೇಕೆ ಎನ್ನುವವರು ಮೊದಲು ತಮ್ಮ ಹೋಟೆಲಿನ ಉಗ್ರಾಣಕ್ಕೆ ಹೋಗಿ ನೋಡಲಿ. ಇಡ್ಲಿಗೆ ನೆನೆಹಾಕುವ ಉದ್ದು ಎಲ್ಲಿಯದು? ಈ ದೇಶಕ್ಕೆ ಹೊರಗಿನಿಂದ ಬರುವ ಉದ್ದಿನಲ್ಲಿ ಬಹುಪಾಲು ಬರ್ಮಾದ್ದು. 2021ರ ಜೂನ್ ತಿಂಗಳಲ್ಲಿ ದೆಹಲಿ ಸರಕಾರ ಬರ್ಮಾದೊಡನೆ ಒಪ್ಪಂದ ಮಾಡಿಕೊಂಡಿತು: ಐದು ವರ್ಷ, ವರ್ಷಕ್ಕೆ 2.5 ಲಕ್ಷ ಟನ್ನು ಉದ್ದು, 1 ಲಕ್ಷ ಟನ್ನು ತೊಗರಿ. ಅದೇ ವರ್ಷ ಫೆಬ್ರವರಿಯಲ್ಲಿ ಅಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡಿತ್ತು. ಕಾರ್ಮಿಕ ಸಂಘಗಳನ್ನು ಕಾನೂನುಬಾಹಿರವೆಂದು ಸಾರಿತ್ತು. ಉದ್ದಿನ ಒಪ್ಪಂದಕ್ಕೆ ಅದೇನೂ ಅಡ್ಡಿಯಾಗಲಿಲ್ಲ. ಇನ್ನು ವಡೆ ಕರಿಯುವ ಪಾಮ್ ಎಣ್ಣೆ. ಅದು ಇಂಡೋನೇಷ್ಯಾ, ಮಲೇಷ್ಯಾಗಳಿಂದ ಹಡಗು ಹತ್ತಿ ಬರುತ್ತದೆ. 2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ಸರಕಾರ ಎಣ್ಣೆಯನ್ನು ಹೊರಗೆ ಬಿಡುವುದಿಲ್ಲವೆಂದು ನಿಲ್ಲಿಸಿತು. ಮೂರು ವಾರ ಕಳೆದು ಮತ್ತೆ ಬಿಟ್ಟಿತು. ಆ ದಿನಗಳಲ್ಲಿ ಎಷ್ಟೋ ಹೋಟೆಲುಗಳ ಬೋರ್ಡಿನಲ್ಲಿ ವಡೆಯ ಬೆಲೆ ಏರಿತು. ಎಣ್ಣೆ ಇಳಿದ ಮೇಲೆ ಬೋರ್ಡು ಇಳಿದದ್ದನ್ನು ನಾನಂತೂ ಕಾಣಲಿಲ್ಲ. "ಎಣ್ಣೆ ತುಟ್ಟಿ, ಈ ವರ್ಷ ಸಂಬಳ ಕೇಳಬೇಡಿ" ಎಂದ ಮಾಲಿಕರು, ಎಣ್ಣೆ ಸೋವಿಯಾದಾಗ ಕರೆದು ಹೆಚ್ಚು ಕೊಟ್ಟದ್ದೂ ಇಲ್ಲ.

ತೊಗರಿಯ ಮಾತು ಇನ್ನೂ ಕಹಿ. ನಮ್ಮಲ್ಲಿ ಎಷ್ಟೋ ಜನ ಕಲಬುರ್ಗಿ, ಬೀದರ ಕಡೆಯವರು. ನನ್ನ ಅಣ್ಣ ಆಳಂದದ ಹತ್ತಿರ ತೊಗರಿ ಬೆಳೆಯುತ್ತಾನೆ. ನಾನು ಇಲ್ಲಿ ಸಾಂಬಾರು ಬಡಿಸಿದವನು. 2021ರ ಮೇ ತಿಂಗಳಲ್ಲಿ ತೊಗರಿ, ಉದ್ದು, ಹೆಸರುಗಳ ಆಮದಿಗೆ ಇದ್ದ ಕಟ್ಟು ಸಡಿಲಾಯಿತು. ಬರ್ಮಾದ ತೊಗರಿ, ಆಫ್ರಿಕದ ತೊಗರಿ ಬಂದರಿಗೆ ಬಂದಿಳಿದಾಗ ಕಲಬುರ್ಗಿಯ ಅಡತಿ ಅಂಗಡಿಯಲ್ಲಿ ಅಣ್ಣನ ಮುಖ ಇಳಿಯುತ್ತದೆ. ಹಾಗಾದರೆ ಹೈದರಾಬಾದಿನ ಹೋಟೆಲಿನಲ್ಲಿ ನನ್ನ ಕೂಲಿ ಏರಬೇಕಿತ್ತಲ್ಲ? ಅದೂ ಇಲ್ಲ. ಅಣ್ಣ ಕಳೆದುಕೊಂಡದ್ದು ತಮ್ಮನ ಕೈಗೆ ಬರಲಿಲ್ಲ. ನಡುವೆ ಎಲ್ಲಿ ಸೋರಿತು ಎಂದು ಕೇಳಿದರೆ ಅದಕ್ಕೆ "ಮಾರುಕಟ್ಟೆ" ಎಂಬ ಹೆಸರು ಹೇಳುತ್ತಾರೆ.

ನೆರೆಯ ದೇಶಗಳೊಡನೆ ವ್ಯಾಪಾರವೇ ಬೇಡ ಎನ್ನುವವನಲ್ಲ ನಾನು. ನೆರೆಹೊರೆಯವರು ಕೊಟ್ಟು ತಂದು ಬಾಳುವುದು ಒಳ್ಳೆಯದೇ. 1955ರ ಏಪ್ರಿಲಿನಲ್ಲಿ ಬಾಂಡುಂಗಿನಲ್ಲಿ ಏಷ್ಯಾ, ಆಫ್ರಿಕಗಳ 29 ದೇಶಗಳು ಕೂಡಿದಾಗ ಬಡ ದೇಶಗಳಿಗೆ ಅಂಥದೊಂದು ಆಸೆ ಹುಟ್ಟಿತ್ತು. ನಮ್ಮ ನೆರೆಯ ಏಳು ದೇಶಗಳು 1985ರ ಡಿಸೆಂಬರಿನಲ್ಲಿ ಢಾಕಾದಲ್ಲಿ ಸಾರ್ಕ್ ಕಟ್ಟಿಕೊಂಡವು. ಅದರ ಎರಡನೆಯ ಸಮ್ಮೇಳನ ನಡೆದದ್ದು ನಮ್ಮ ಬೆಂಗಳೂರಿನಲ್ಲೇ, 1986ರ ನವೆಂಬರಿನಲ್ಲಿ. 2004ರಲ್ಲಿ ಇಸ್ಲಾಮಾಬಾದಿನಲ್ಲಿ ಮುಕ್ತ ವ್ಯಾಪಾರದ ಒಪ್ಪಂದಕ್ಕೆ ಸಹಿ ಬಿತ್ತು, 2006ರಿಂದ ಅದು ಜಾರಿಗೆ ಬಂತು. ಫಲವೇನು? ಈ ದೇಶಗಳು ಲೋಕದೊಡನೆ ಮಾಡುವ ವ್ಯಾಪಾರದಲ್ಲಿ ತಮ್ಮತಮ್ಮೊಳಗೆ ಮಾಡುವುದು ನೂರಕ್ಕೆ ಸುಮಾರು 5 ಪಾಲು. ಆಸಿಯಾನ್ ದೇಶಗಳು ಸುಮಾರು 25. 2014ರ ಕಠ್ಮಂಡು ಸಮ್ಮೇಳನದ ನಂತರ ಸಾರ್ಕ್ ದೊರೆಗಳು ಒಂದು ಮೇಜಿಗೆ ಕೂಡಲೇ ಇಲ್ಲ.

ಆದರೂ ದೊಡ್ಡವರ ಓಡಾಟಕ್ಕೆ ಒಂದು ಏರ್ಪಾಡಾಗಿದೆ, ಕೇಳಿ. 1992ರಲ್ಲಿ ಸಾರ್ಕ್ ದೇಶಗಳ ನಡುವೆ ವೀಸಾ ಇಲ್ಲದೆ ಹೋಗಿಬರಲು ಒಂದು ಯೋಜನೆ ಮಾಡಿದರು. ಅದರಲ್ಲಿ 24 ಬಗೆಯ ಜನರಿದ್ದಾರೆ: ಮಂತ್ರಿ ಮಹಾಶಯರು, ಮೇಲಿನ ಕೋರ್ಟುಗಳ ನ್ಯಾಯಾಧೀಶರು, ಪಾರ್ಲಿಮೆಂಟ್ ಸದಸ್ಯರು, ಹಿರಿಯ ಅಧಿಕಾರಿಗಳು, ವ್ಯಾಪಾರಸ್ಥರು, ಪತ್ರಕರ್ತರು, ಆಟಗಾರರು. ಇಪ್ಪತ್ತನಾಲ್ಕರಲ್ಲಿ ಕೂಲಿಯವನೆಂಬ ಒಂದು ಬಗೆ ಇಲ್ಲ. ಯುರೋಪಿನ ದೇಶಗಳು 1957ರಲ್ಲಿ ರೋಮಿನಲ್ಲಿ ಸಹಿ ಹಾಕಿದ ಒಪ್ಪಂದದಲ್ಲಿ ಕಾರ್ಮಿಕ ಒಂದು ದೇಶದಿಂದ ಇನ್ನೊಂದಕ್ಕೆ ಹೋಗಿ ದುಡಿಯಬಹುದೆಂದು ಬರೆದರು, ಗಂಡಿಗೂ ಹೆಣ್ಣಿಗೂ ಸಮಾನ ಕೂಲಿ ಎಂದೂ ಬರೆದರು. ಅವರೇನು ಧರ್ಮಾತ್ಮರಲ್ಲ. ಅಲ್ಲಿ ಕಾರ್ಮಿಕ ಸಂಘಗಳಿಗೆ ಬಲವಿತ್ತು, ಬರೆಯಲೇಬೇಕಾಯಿತು. ನಮ್ಮಲ್ಲೂ ಬಲವಿದ್ದವರ ಮಾತು ನಡೆದಿದೆ: 2019ರ ನವೆಂಬರಿನಲ್ಲಿ ಆರ್‌ಸಿಇಪಿ ಎಂಬ ಹದಿನಾರು ದೇಶಗಳ ಒಪ್ಪಂದದಿಂದ ಭಾರತ ಹಿಂದೆ ಸರಿಯಿತು. ಅದಕ್ಕೆ ಹಲವು ಕಾರಣಗಳಿದ್ದವು. ನ್ಯೂಜಿಲೆಂಡಿನ ಹಾಲಿನ ಪುಡಿ ಬಂದರೆ ನಾವು ಉಳಿಯುವುದಿಲ್ಲವೆಂದು ಹಾಲು ಉತ್ಪಾದಕರು ಕೂಗಿದ್ದೂ ಅವುಗಳಲ್ಲೊಂದು. ಅವರಿಗೆ ಹಳ್ಳಿ ಹಳ್ಳಿಯಲ್ಲೂ ಸಂಘವಿತ್ತು, ಕೂಗು ದೆಹಲಿಗೆ ಮುಟ್ಟಿತು. ಆ ಹಾಲನ್ನು ಕಾಯಿಸಿ ಕಾಫಿ ಬೆರೆಸುವವನ ಕೂಗು ಗಲ್ಲಾದ ತನಕವೂ ಮುಟ್ಟುವುದಿಲ್ಲ.

ಈಗ ಮಿಲ್ಲಿನ ಬಂಧುಗಳಿಗೆ ಎರಡು ಮಾತು. "ಬಾಂಗ್ಲಾದ ಅಗ್ಗದ ಬಟ್ಟೆ ಬಂದು ನಮ್ಮ ಹೊಟ್ಟೆಗೆ ಕಲ್ಲು ಬಿತ್ತು" ಎಂದು ನಿಮ್ಮಲ್ಲಿ ಹಲವರು ಹೇಳುತ್ತೀರಿ. ಬಟ್ಟೆ ಬಂದದ್ದು ನಿಜ. 2011ರಲ್ಲಿ ಅವರ ಸಿದ್ಧ ಉಡುಪುಗಳ ಮೇಲಿನ ಸುಂಕವನ್ನು ನಮ್ಮ ಸರಕಾರ ತೆಗೆದುಹಾಕಿತು. ಆದರೆ ಆ ಬಟ್ಟೆಗೆ ನೂಲು ಎಲ್ಲಿಂದ ಹೋಗುತ್ತದೆ? ನಮ್ಮ ದೇಶದ ಹತ್ತಿನೂಲಿಗೆ ಹೊರಗಿನ ಅತಿ ದೊಡ್ಡ ಗಿರಾಕಿ ಬಾಂಗ್ಲಾದೇಶವೇ. ಇಲ್ಲಿ ಕದಿರು ತಿರುಗಿದರೆ ಅಲ್ಲಿ ಸೂಜಿ ಓಡುತ್ತದೆ. 2025ರ ಏಪ್ರಿಲಿನಲ್ಲಿ ಢಾಕಾ ಸರಕಾರ ನಮ್ಮ ನೂಲು ಭೂಮಾರ್ಗದಿಂದ ಬರಬಾರದೆಂದಿತು. ಮೇ ತಿಂಗಳಲ್ಲಿ ದೆಹಲಿ ಸರಕಾರ ಅವರ ಉಡುಪು ಭೂಮಾರ್ಗದಿಂದ ಬರಬಾರದು, ಕಲಕತ್ತೆ ಮತ್ತು ನ್ಹಾವಾ ಶೇವಾ ಬಂದರುಗಳಲ್ಲೇ ಇಳಿಯಬೇಕೆಂದಿತು. ಇಬ್ಬರು ದೊರೆಗಳು ಮುನಿಸಿಕೊಂಡರೆ ಲಾರಿ ನಿಲ್ಲುತ್ತದೆ, ಲಾರಿ ನಿಂತರೆ ಪಾಳಿ ನಿಲ್ಲುತ್ತದೆ, ಪಾಳಿ ನಿಂತರೆ ಯಾರ ಮನೆಯ ಒಲೆ ಆರುತ್ತದೆಂದು ನಿಮಗೆ ನಾನು ಹೇಳಬೇಕೆ?

ಅಲ್ಲಿಯ ಕಾರ್ಮಿಕ ಸುಖದಲ್ಲಿದ್ದಾನೆಂದೂ ತಿಳಿಯಬೇಡಿ. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ಸಾವರಿನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಗೋಡೆ ಬಿರುಕು ಬಿಟ್ಟದ್ದನ್ನು ಹಿಂದಿನ ದಿನವೇ ಕಂಡಿದ್ದರು. ಆದರೂ ಒಳಗೆ ಅಟ್ಟಿದರು. 2023ರಲ್ಲಿ ತಿಂಗಳಿಗೆ 23,000 ಟಾಕಾ ಕನಿಷ್ಠ ಕೂಲಿ ಬೇಕೆಂದು ಬೀದಿಗಿಳಿದರು, ಕೆಲವರ ಪ್ರಾಣ ಹೋಯಿತು, ಸಿಕ್ಕಿದ್ದು 12,500. ಈ ಜನರನ್ನೇ ನಾವು ಶತ್ರುಗಳೆನ್ನುತ್ತೇವೆ! ರಾಣಾ ಪ್ಲಾಜಾ ಬಿದ್ದ ಮೇಲೆ ಹಲವು ದೇಶಗಳ ಕಾರ್ಮಿಕ ಸಂಘಗಳು ಒಟ್ಟುಗೂಡಿ ಬಟ್ಟೆ ಕೊಳ್ಳುವ ದೊಡ್ಡ ಕಂಪನಿಗಳಿಂದ ಕಟ್ಟಡಗಳ ಸುರಕ್ಷತೆಗೆ ಲಿಖಿತ ಕರಾರು ಬರೆಸಿಕೊಂಡವು; 2023ರಲ್ಲಿ ಅಂಥದೇ ಕರಾರು ಪಾಕಿಸ್ತಾನಕ್ಕೂ ಹೋಯಿತು. ದೊರೆಗಳು ಕೂಡದ ಕಡೆ ದುಡಿಯುವವರು ಕೂಡಿ ಮಾಡಿದ ಕೆಲಸವದು.

ಮನೆಯ ಬಾಗಿಲಿಗೇ ಬನ್ನಿ. ನಿಜಾಮರ ಕಾಲದಲ್ಲಿ ಕಲಬುರ್ಗಿಯಲ್ಲಿ ಎಂ.ಎಸ್.ಕೆ. ಮಿಲ್ಲಿತ್ತು, ವರಂಗಲ್ಲಿನಲ್ಲಿ ಆಜಂ ಜಾಹಿ ಮಿಲ್ಲಿತ್ತು. ಎರಡೂ ಮುಚ್ಚಿದವು. 2023ರಲ್ಲಿ ಕೇಂದ್ರ ಸರಕಾರ ಏಳು ರಾಜ್ಯಗಳಿಗೆ ದೊಡ್ಡ ಜವಳಿ ಪಾರ್ಕುಗಳನ್ನು ಘೋಷಿಸಿದಾಗ ಆ ಏಳರಲ್ಲಿ ಕಲಬುರ್ಗಿಯೂ ಬಂತು, ವರಂಗಲ್ಲೂ ಬಂತು. ವರಂಗಲ್ಲಿನ ಪಾರ್ಕಿನಲ್ಲಿ ಅದೇ ವರ್ಷ ಕಾರ್ಖಾನೆಗೆ ಅಡಿಗಲ್ಲು ಹಾಕಿದ್ದು ಯಂಗ್‌ವನ್ ಎಂಬ ಕೊರಿಯಾದ ಕಂಪನಿ. ಅದೇ ಕಂಪನಿ ದಶಕಗಳಿಂದ ಬಾಂಗ್ಲಾದ ಚಿತ್ತಗಾಂಗಿನಲ್ಲಿ ಉಡುಪು ಹೊಲಿಸುತ್ತಿದೆ. ಬರಲಿ, ಬೇಡವೆನ್ನುವುದಿಲ್ಲ, ನಮ್ಮ ಹೆಣ್ಣುಮಕ್ಕಳಿಗೆ ಕೆಲಸ ಬೇಕು. ಆದರೆ ಲೆಕ್ಕ ನೋಡಿ: ಮಾಲಿಕ ಒಬ್ಬನೇ, ಊರು ಎರಡು. ಹೀಗಿರುವಲ್ಲಿ ಯಾವ ಮಾಲಿಕನಾದರೂ ಇಲ್ಲಿ ಕೂಲಿ ಹೆಚ್ಚು ಕೇಳಿದರೆ ಅಲ್ಲಿ ಅಗ್ಗವಿದೆ ಎನ್ನಬಹುದು, ಅಲ್ಲಿ ಕೇಳಿದರೆ ಇಲ್ಲಿ ಅಗ್ಗವಿದೆ ಎನ್ನಬಹುದು. ಎರಡು ಊರಿನ ಕೂಲಿಯ ಲೆಕ್ಕವೂ ಅವನ ಕಿಸೆಯಲ್ಲಿದೆ. ನಮಗೆ ಚಿತ್ತಗಾಂಗಿನ ಒಬ್ಬ ಕಾರ್ಮಿಕನ ಗುರುತೂ ಇಲ್ಲ.

ಇನ್ನು ಅಡಿಗೆಮನೆಯ ನೇಪಾಳಿ ಹುಡುಗನ ವಿಚಾರ. 1950ರ ಜುಲೈ 31ರ ಒಪ್ಪಂದದಂತೆ ನೇಪಾಳದವನು ಇಲ್ಲಿ, ನಾವು ಅಲ್ಲಿ, ವಾಸಕ್ಕೂ ದುಡಿಮೆಗೂ ತಡೆಯಿಲ್ಲ. ಅವನು ಕಳ್ಳದಾರಿಯಿಂದ ಬಂದವನಲ್ಲ. ಅವರ 160 ರೂಪಾಯಿಗೆ ನಮ್ಮ 100 ರೂಪಾಯಿ ಎಂಬ ಲೆಕ್ಕ 1993ರಿಂದ ನಡೆದು ಬಂದಿದೆ. ಹಳಬರಿಗೆ ಇದನ್ನು ಕೇಳಿದರೆ ಏನೋ ನೆನಪಾಗಬೇಕು: ನಿಜಾಮರ ಹಾಲಿ ಸಿಕ್ಕಾ 7 ರೂಪಾಯಿಗೆ ಇಂಗ್ಲಿಷರ 6 ರೂಪಾಯಿ. ಉಡುಪಿ, ಕುಂದಾಪುರದ ಕಡೆಯವರು ಆಗ ಮದ್ರಾಸ್ ಪ್ರಾಂತದ ಪ್ರಜೆಗಳು. ಹೈದರಾಬಾದಿಗೆ ಬರಬೇಕಾದರೆ ಬೇರೆ ರಾಜ್ಯ, ಬೇರೆ ನಾಣ್ಯ, ಗಡಿಯಲ್ಲಿ ಕರೋಡಗಿರಿ ನಾಕೆ. ಇಂದು ನಾವು ನೇಪಾಳಿಯನ್ನು ನೋಡುವ ಕಣ್ಣಿನಲ್ಲೇ ಅಂದು ಈ ಊರು ಅವರನ್ನು ನೋಡಿತ್ತು.

1952ರ ಸೆಪ್ಟೆಂಬರಿನಲ್ಲಿ ಈ ನಗರದ ಬೀದಿಗಳಲ್ಲಿ ಮುಲ್ಕಿ ಚಳವಳಿ ನಡೆಯಿತು. ಹೊರಗಿನಿಂದ ಬಂದವರು ಸರಕಾರಿ ನೌಕರಿಗಳನ್ನು ಹಿಡಿದರೆಂದು ಸ್ಥಳೀಯರಿಗೆ ಸಿಟ್ಟು. ಆ ಸಿಟ್ಟಿಗೆ ಕಾರಣವೂ ಇತ್ತು. ಗುಂಡು ಹಾರಿತು, ಜೀವಗಳು ಹೋದವು. ಆಗ ಕೂಗಿದ ಘೋಷಣೆಗಳಲ್ಲಿ ಒಂದು, "ಇಡ್ಲಿ ಸಾಂಬಾರ್ ಗೋ ಬ್ಯಾಕ್." ನೌಕರಿ ಹಿಡಿದವರು ಕಚೇರಿಯ ಕುರ್ಚಿಯಲ್ಲಿದ್ದರು, ಬೈಗಳು ತಿಂದದ್ದು ಇಡ್ಲಿ. ಆ ಇಡ್ಲಿ ಬೇಯಿಸಿದವರ ಸಂಘದಲ್ಲಿ ಇಂದು "ನೇಪಾಳಿ ಹೊರಗೆ" ಎಂದು ಚಪ್ಪಾಳೆ ಬೀಳುತ್ತದೆಂದರೆ ನನಗೆ ನಾಚಿಕೆಯಾಗುತ್ತದೆ.

"ಅವನು ಕಡಿಮೆ ಸಂಬಳಕ್ಕೆ ದುಡಿದು ನಮ್ಮ ಸಂಬಳ ಕೆಡಿಸುತ್ತಾನೆ" ಎಂಬ ಮಾತಿದೆಯಲ್ಲ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಕೆಡುತ್ತದೆ, ನಿಜ. ಆದರೆ ಅವನು ಕಡಿಮೆಗೆ ದುಡಿಯುವುದು ಆಸೆಯಿಂದಲೆ? ಅವನ ಪರವಾಗಿ ಕೇಳುವವರು ಯಾರೂ ಇಲ್ಲ, ಅದರಿಂದ. ನಾನು ಸಪ್ಲೈಯರ್ ಆಗಿದ್ದ ಒಂದು ಹೋಟೆಲಿನಲ್ಲಿ ಬೆಳಗಿನ ಜಾವ ಸಾಂಬಾರಿನ ಹಂಡೆ ಇಳಿಸುವಾಗ ಇಂಥ ಒಬ್ಬ ಹುಡುಗನ ಎರಡು ಕೈಯೂ ಬೆಂದವು. ಆಸ್ಪತ್ರೆಯ ಖರ್ಚು ಕೇಳಲು ಹೋದರೆ ಮಾಲಿಕರು, "ಅವನು ನಮ್ಮ ಹಾಜರಿ ಪುಸ್ತಕದಲ್ಲೇ ಇಲ್ಲ" ಎಂದರು. ನಾವು ಹನ್ನೊಂದು ಜನ ಕನ್ನಡದವರಿದ್ದೆವು. ಒಬ್ಬರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಹುಡುಗ ಕೈಗೆ ಬಟ್ಟೆ ಸುತ್ತಿಕೊಂಡು ರೈಲು ಹತ್ತಿದ. ಮರುವರ್ಷ ನಾನು ಭವಿಷ್ಯನಿಧಿಯ ಲೆಕ್ಕ ಕೇಳಿದಾಗ ಅದೇ ಮಾಲಿಕರು ಅದೇ ಪುಸ್ತಕವನ್ನು ತೆರೆದು ತೋರಿಸಿದರು. ಅದರಲ್ಲಿ ನನ್ನ ಹೆಸರೂ ಇರಲಿಲ್ಲ.

ಕಾನೂನಿನ ಅಡ್ಡಿ ಇದೆಯೆಂದು ಕೆಲವರು ಪಿಸುಗುಟ್ಟುತ್ತಿದ್ದಾರೆ. 1926ರ ಕಾರ್ಮಿಕ ಸಂಘಗಳ ಕಾಯ್ದೆ ಸದಸ್ಯನಾಗುವವನ ವಯಸ್ಸು ಕೇಳುತ್ತಿತ್ತು, ದೇಶ ಕೇಳುತ್ತಿರಲಿಲ್ಲ. ಅದರ ಜಾಗಕ್ಕೆ ಬಂದ 2020ರ ಸಂಹಿತೆಯೂ ಹಾಗೆಯೇ. ಅಡ್ಡಿ ಇರುವುದು ನಾವೇ ಬರೆದುಕೊಂಡ ನಿಯಮಾವಳಿಯ ಒಂದು ಸಾಲಿನಲ್ಲಿ. ರಾಜ್ಯೋತ್ಸವ ಕನ್ನಡದಲ್ಲೇ ನಡೆಯಲಿ, ಈ ಪತ್ರಿಕೆ ಕನ್ನಡದಲ್ಲೇ ಬರಲಿ. ಅದಕ್ಕೆ ಕೈ ಹಚ್ಚುವವನಲ್ಲ ನಾನು. ಮಾಲಿಕರ ಮುಂದಿಡುವ ಬೇಡಿಕೆಯ ಪಟ್ಟಿಯಲ್ಲಿ ಮಾತ್ರ ಅಡಿಗೆಮನೆಯಲ್ಲಿ ನಿಂತ ಎಲ್ಲರ ಹೆಸರೂ ಇರಲಿ: ನೇಪಾಳದವನದು, ಒರಿಸ್ಸಾದವನದು, ಬಂಗಾಳದವನದು.

ಬರುವ ತಿಂಗಳ ಮೊದಲ ಮಂಗಳವಾರ ರಾತ್ರಿ ಹೋಟೆಲುಗಳು ಮುಚ್ಚಿದ ಮೇಲೆ ಸಭೆ ಸೇರುತ್ತದೆ. ಅದೇ ಸೂಚನೆಯನ್ನು ಮತ್ತೆ ತರುತ್ತೇನೆ. ಸದಸ್ಯತ್ವದ ಅರ್ಜಿಯನ್ನು ನೇಪಾಳಿಯಲ್ಲಿ ಬರೆದುಕೊಡಲು ಒಬ್ಬ ಹುಡುಗ ಒಪ್ಪಿದ್ದಾನೆ. ವಂತಿಗೆ ಎಲ್ಲರಿಗೂ ಒಂದೇ. ಧರ್ಮಛತ್ರವೋ ಎಂದು ಕೇಳಿದ ಹಿರಿಯರ ಹೋಟೆಲಿಗೂ ಹೋಗಿ ಹೇಳಿ ಬಂದೆ. ಕಾಫಿ ಕೊಡಿಸಿದರು. ಸಭೆಗೆ ಬರುತ್ತೇನೆಂದರು, ಒಪ್ಪುತ್ತೇನೆ ಎನ್ನಲಿಲ್ಲ.