ಏದುಸಿರಿಗೆ ವಿಶ್ರಾಂತಿಯೊಂದೇ ಮದ್ದಲ್ಲ

ಮನೆಯ ಹಿರಿಯರಿಗೆ ದಮ್ಮು ಹತ್ತಿದೊಡನೆ ಅವರನ್ನು ಕುಳ್ಳಿರಿಸಿ, ನೀರಿನ ಲೋಟದಿಂದ ಊಟದ ತಟ್ಟೆಯವರೆಗೆ ಎಲ್ಲವನ್ನೂ ಇದ್ದಲ್ಲಿಗೇ ತಂದುಕೊಡುವುದು ನಮ್ಮ ಕುಟುಂಬಗಳ ವಾಡಿಕೆ. ಇದು ಪ್ರೀತಿಯೇ ಸರಿ. ಆದರೆ ಬೀಡಿ, ಸಿಗರೇಟು, ಸೌದೆ ಒಲೆಯ ಹೊಗೆ ಅಥವಾ ಧೂಳಿನಿಂದ ಶ್ವಾಸಕೋಶ ಕೆಟ್ಟು ವರ್ಷಗಟ್ಟಲೆ ನರಳುವವರಿಗೆ ಈ ಪ್ರೀತಿಯೇ ಅಪಕಾರವಾಗಿ ಪರಿಣಮಿಸಬಹುದೆಂಬುದನ್ನು ನಾವು ಅರಿಯಬೇಕಾಗಿದೆ.

ಏದುಸಿರಿಗೆ ಅಂಜಿ ನಡಿಗೆ ನಿಲ್ಲಿಸಿದರೆ ಕಾಲಿನ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯುಗಳಿಗೆ ಅಲ್ಪ ಕೆಲಸವೂ ಭಾರವಾಗಿ, ಏದುಸಿರು ಇನ್ನೂ ಬೇಗ ಬರುತ್ತದೆ. ಈ ವಿಷವರ್ತುಲವನ್ನು ಮುರಿಯುವ ಚಿಕಿತ್ಸೆಯೇ ಶ್ವಾಸಕೋಶ ಪುನಶ್ಚೇತನ. ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರಗಳ ಕಾಲ, ವಾರಕ್ಕೆ ಎರಡು ಮೂರು ಬಾರಿ, ತಜ್ಞರ ಮೇಲ್ವಿಚಾರಣೆಯಲ್ಲಿ ರೋಗಿಯು ನಡಿಗೆ ಮತ್ತು ಕೈಕಾಲುಗಳ ವ್ಯಾಯಾಮ ಮಾಡುತ್ತಾನೆ. ತುಟಿ ಕಿರಿದಾಗಿಸಿ ನಿಧಾನವಾಗಿ ಉಸಿರು ಬಿಡುವುದನ್ನೂ ಇನ್‌ಹೇಲರ್ ಬಳಸುವ ಸರಿಯಾದ ಕ್ರಮವನ್ನೂ ಕಲಿಯುತ್ತಾನೆ. ಕೆಟ್ಟ ಶ್ವಾಸಕೋಶ ಇದರಿಂದ ಮೊದಲಿನಂತಾಗದು. ಆದರೆ ಇರುವ ಉಸಿರಿನಲ್ಲೇ ಹೆಚ್ಚು ದೂರ ನಡೆಯಲು, ತನ್ನ ಸ್ನಾನ ತಾನೇ ಮಾಡಿಕೊಳ್ಳಲು ಬಲ ಬರುತ್ತದೆ. ಪರರ ಕೈ ನೋಡುವ ಸಂಕೋಚ ತಗ್ಗುತ್ತದೆ.

ಇದು ಬರಿಯ ಆಶಯವಲ್ಲ. ಸಿ.ಒ.ಪಿ.ಡಿ. ಎಂಬ ದೀರ್ಘಕಾಲೀನ ಶ್ವಾಸಕೋಶ ರೋಗದ ಬಗ್ಗೆ 65 ಪ್ರಯೋಗಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು, ಪುನಶ್ಚೇತನದ ಪ್ರಯೋಜನ ಸಿದ್ಧವಾಗಿದೆ, ಸಾಮಾನ್ಯ ಆರೈಕೆಯೊಡನೆ ಅದನ್ನು ಮತ್ತೆ ಹೋಲಿಸಿ ನೋಡುವ ಅಗತ್ಯವಿಲ್ಲ ಎಂದಿತು. ಭಾರತದಲ್ಲಿ 2016ರಲ್ಲೇ ಈ ರೋಗಿಗಳ ಸಂಖ್ಯೆ ಸುಮಾರು 5.5 ಕೋಟಿಯೆಂದು ಅಂದಾಜಿಸಲಾಗಿತ್ತು. ಆದರೂ ಈ ಸೌಲಭ್ಯ ಬಹುಮಟ್ಟಿಗೆ ನಗರಗಳ ದೊಡ್ಡ ಆಸ್ಪತ್ರೆಗಳಿಗೇ ಸೀಮಿತವಾಗಿರುವುದು ವಿಷಾದನೀಯ.

ಇದಕ್ಕೆ ಕೋಟಿ ಬೆಲೆಯ ಯಂತ್ರಗಳು ಬೇಕಿಲ್ಲ. ನಡೆಯಲು ಒಂದು ಪಡಸಾಲೆ, ಕೆಲವು ಕುರ್ಚಿಗಳು, ಸಣ್ಣ ತೂಕಗಳು, ರಕ್ತದ ಆಮ್ಲಜನಕ ಅಳೆಯುವ ಪುಟ್ಟ ಉಪಕರಣ, ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಇದ್ದರೆ ಆರಂಭಕ್ಕೆ ಸಾಕು. ಪ್ರತಿಯೊಂದು ಜಿಲ್ಲಾಸ್ಪತ್ರೆಯಲ್ಲೂ ಇದು ದೊರೆಯಬೇಕೆಂದು ನಾವು ಒತ್ತಾಯಿಸುತ್ತೇವೆ. ಔಷಧಕ್ಕೆ ಹಣ ತೆಗೆದಿಡುವ ಸರ್ಕಾರ ವ್ಯಾಯಾಮವನ್ನೂ ಔಷಧವೆಂದೇ ಎಣಿಸಲಿ.

ಕುಟುಂಬಗಳ ಹೊಣೆಯೂ ಇದೆ. ರೋಗ ಉಲ್ಬಣಿಸಿ ಆಸ್ಪತ್ರೆ ಸೇರಿದವರು ಮನೆಗೆ ಮರಳಿದ ನಾಲ್ಕು ವಾರಗಳೊಳಗೆ ಪುನಶ್ಚೇತನ ಆರಂಭಿಸುವುದು ಹಿತಕರ. ಆದ್ದರಿಂದ ಬಿಡುಗಡೆಯ ದಿನವೇ ವೈದ್ಯರನ್ನು ಕೇಳೋಣ: ಇವರು ಎಷ್ಟು ನಡೆಯಬಹುದು, ಯಾರು ಕಲಿಸುತ್ತಾರೆ? ಅವರ ಅನುಮತಿ ದೊರೆತ ಮೇಲೆ ಹಿರಿಯರ ಕೈಹಿಡಿದು ಅಂಗಳದಲ್ಲಿ ನಾಲ್ಕು ಹೆಜ್ಜೆ ಜೊತೆಗೆ ನಡೆಯೋಣ. ಅವರ ಪರವಾಗಿ ಎಲ್ಲವನ್ನೂ ಮಾಡುವುದಕ್ಕಿಂತ, ಅವರೇ ಮಾಡುವಂತೆ ಬೆಂಬಲಿಸುವುದು ಹೆಚ್ಚಿನ ಸೇವೆ.