ದಾಖಲೆ ಪುಸ್ತಕದಲ್ಲಿ ಇಲ್ಲದ ಹೆಸರು

ಹಿಂಡಲಗಾ ಅಂದರೆ ಬೆಳಗಾವಿಯವರಾದ ನಮಗೆ ಜೈಲು. ಬ್ರಿಟಿಷರು ಕಟ್ಟಿದ ಆ ಗೋಡೆಯೊಳಗೆ ಸ್ವಾತಂತ್ರ್ಯ ಹೋರಾಟಗಾರರು ಕೂತರು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂದಮೇಲೆ ಮೀಸಾ ಕಾಯ್ದೆಯಡಿ ಹಿಡಿದ, ವಿಚಾರಣೆಯೇ ಇಲ್ಲದ ಬಂದಿಗಳೂ ಕೂತರು. ಅನ್ಯಾಯವೇ ಸರಿ. ಆದರೂ ಒಳಹೋದವರ ಹೆಸರು ಗೇಟಿನ ಪುಸ್ತಕದಲ್ಲಿತ್ತು. ಮಗ ಎಲ್ಲಿದ್ದಾನೆಂದು ತಾಯಿಗೆ ಗೊತ್ತಿತ್ತು.

ಕಲ್ಲಿಕೋಟೆಯ ಎಂಜಿನಿಯರಿಂಗ್ ವಿದ್ಯಾರ್ಥಿ ರಾಜನ್‌ನ ಹೆಸರು ಯಾವ ಪುಸ್ತಕಕ್ಕೂ ಏರಲಿಲ್ಲ. 1976ರ ಮಾರ್ಚ್ 1ರಂದು ಪೊಲೀಸರು ಎತ್ತಿಕೊಂಡು ಹೋಗಿ ಕಕ್ಕಯಂ ಶಿಬಿರಕ್ಕೆ ಹಾಕಿದರು. ತಂದೆ ಈಚರ ವಾರಿಯರ್ ಕಂಡಕಂಡ ಬಾಗಿಲು ತಟ್ಟಿದರು. ಕೋರ್ಟಿನ ಬಾಗಿಲು ಮಾತ್ರ ಮುಚ್ಚಿತ್ತು: ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು, ತುರ್ತು ಪರಿಸ್ಥಿತಿ ಇರುವತನಕ ಬಂಧನವನ್ನು ಪ್ರಶ್ನಿಸುವಂತಿಲ್ಲ ಎಂದುಬಿಟ್ಟಿದ್ದರು. ಒಲ್ಲೆನೆಂದವರು ಎಚ್.ಆರ್. ಖನ್ನಾ ಒಬ್ಬರೇ. ಅದಕ್ಕಾಗಿ ಮುಖ್ಯ ನ್ಯಾಯಮೂರ್ತಿ ಪಟ್ಟವನ್ನೂ ಕಳಕೊಂಡರು. ತುರ್ತು ಪರಿಸ್ಥಿತಿ ಮುಗಿದ ಮೇಲೆ, 1977ರಲ್ಲಿ ವಾರಿಯರ್ ಕೇರಳ ಹೈಕೋರ್ಟಿಗೆ ಹೋದಾಗ ಸರ್ಕಾರ ಮೊದಲು, ಅವನನ್ನು ನಾವು ಹಿಡಿದೇ ಇಲ್ಲ ಎಂದಿತು. ಆಮೇಲೆ, ಸತ್ತಿದ್ದಾನೆ ಎಂದಿತು. ಕರುಣಾಕರನ್ ಮುಖ್ಯಮಂತ್ರಿ ಕುರ್ಚಿ ಬಿಟ್ಟಿಳಿದರು. ಹೆಣ ಮಾತ್ರ ಇಂದಿಗೂ ಸಿಕ್ಕಿಲ್ಲ. ಅದೇ 1977ರ ಏಪ್ರಿಲ್‌ನಲ್ಲಿ, ಸೇನಾಡಳಿತದ ಅರ್ಜೆಂಟೀನಾದಲ್ಲಿ, ಕಾಣೆಯಾದ ಮಕ್ಕಳನ್ನು ಕೇಳುತ್ತ ತಾಯಂದಿರು ಬ್ಯೂನಸ್ ಐರಿಸ್‌ನ ಚೌಕಕ್ಕೆ ಬಂದು ನಿಂತರು.

ಬಂಧನವನ್ನು ಪ್ರಶ್ನಿಸುವಂತಿಲ್ಲ ಎಂದ ಆ 1976ರ ತೀರ್ಪನ್ನು 2017ರಲ್ಲಿ ಸುಪ್ರೀಂ ಕೋರ್ಟೇ ಅಳಿಸಿಹಾಕಿತು. ಅದನ್ನು ಅಳಿಸಿದ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅಷ್ಟಕ್ಕೇ ಹಿಗ್ಗಬೇಡಿ. ಜನರನ್ನು ಕಾಣೆಯಾಗಿಸುವುದರ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 2007ರಲ್ಲಿ ಸಹಿ ಹಾಕಿತು; ಅನುಮೋದಿಸಲಿಲ್ಲ. ಚಿತ್ರಹಿಂಸೆಯ ವಿರುದ್ಧದ ಒಪ್ಪಂದಕ್ಕೆ 1997ರಲ್ಲಿ ಸಹಿ. ಅದರದೂ ಅದೇ ಗತಿ. ಪೊಲೀಸರೇ ಒಬ್ಬನನ್ನು ಒಯ್ದು, ಒಯ್ದೇ ಇಲ್ಲವೆಂದರೆ, ಅದನ್ನು ಬೇರೆಯೇ ಅಪರಾಧವೆಂದು ಹೆಸರಿಸುವ ಕಲಮು ನಮ್ಮ ಹೊಸ ನ್ಯಾಯ ಸಂಹಿತೆಯಲ್ಲೂ ಇಲ್ಲ. ಜೂನ್ 25 ಬಂದರೆ ಗಂಟಲು ಹರಿಯುವಂತೆ ಭಾಷಣ ಮಾಡುವ ಪಕ್ಷವೂ ದಿಲ್ಲಿಯನ್ನು ಆಳಿದೆ, ಅಂದು ಬಾಯಿಗೆ ಬೀಗ ಹಾಕಿಕೊಳ್ಳುವ ಪಕ್ಷವೂ ಆಳಿದೆ.

ಬೆಳಗಾವಿಯ ವಕೀಲರೇ, ಕಾನೂನು ಕಾಲೇಜಿನ ಹುಡುಗ ಹುಡುಗಿಯರೇ, ಖಾನಾಪುರದ ಹಿರಿಯರೇ, ಚಳಿಗಾಲದ ಅಧಿವೇಶನಕ್ಕೆಂದು ಶಾಸಕರು ನಮ್ಮೂರಿಗೇ ಬರುತ್ತಾರೆ. ಸುವರ್ಣ ವಿಧಾನಸೌಧದ ಮುಂದೆ ಕಬ್ಬಿನ ಬೆಲೆ ಕೇಳುತ್ತೇವೆ, ನೀರು ಕೇಳುತ್ತೇವೆ, ಕೇಳಲೇಬೇಕು. ಈ ಸಲ ಇದನ್ನೂ ಕೇಳೋಣ: ಎರಡೂ ಒಪ್ಪಂದಗಳನ್ನು ಅನುಮೋದಿಸಿ ಎಂದು ಕೇಂದ್ರಕ್ಕೆ ಒಂದು ನಿರ್ಣಯ ಕಳಿಸಿರಿ. ಕೈಯೆತ್ತದವರು ಯಾರೆಂದು ನಾವು ಬರೆದಿಟ್ಟುಕೊಳ್ಳುತ್ತೇವೆ.