ಪಾರ್ಟ್‌ಟೈಮ್ ನಂಬಿ ಜಮೀನು ಅಡ ಇಡೋದಾ?

ಮಾಸ್ತಿಗೆ ಹೋದಾಗ ಚಿಕ್ಕಪ್ಪ ಕೇಳಿದ್ರು: "ಕೆನಡಾದಲ್ಲಿ ಪಾರ್ಟ್‌ಟೈಮ್ ಮಾಡಿದ್ರೆ ಫೀಸು ಅಲ್ಲೇ ಹುಟ್ಟುತ್ತಂತೆ, ನಿಜಾನಾ?" ಏಜೆಂಟ್ ಹಾಗಂದಿದ್ದಾನೆ. ಮಗನ ಸಾಲಕ್ಕೆ ಟೊಮೆಟೊ ಬೆಳೆಯೋ ಎರಡೆಕರೆ ಅಡ ಇಡೋ ಯೋಚನೆ.

ನಿಜ ಅಲ್ಲ ಅಂದೆ. ಕೆಲಸಗಾರರ ಕೊರತೆಯಿದ್ದ 2022ರ ನವೆಂಬರ್‌ನಲ್ಲಿ ಕೆನಡಾ ವಾರಕ್ಕೆ 20 ಗಂಟೆಯ ಮಿತಿಯನ್ನು ತಾತ್ಕಾಲಿಕವಾಗಿ ತೆಗೆದಿತ್ತು. 2024ರ ಏಪ್ರಿಲ್‌ಗೆ ಆ ಸಡಿಲಿಕೆ ಮುಗಿಯಿತು. ನವೆಂಬರ್‌ನಿಂದ, ತರಗತಿ ನಡೆಯುವಾಗ ಕ್ಯಾಂಪಸ್ ಹೊರಗೆ 24 ಗಂಟೆ ಅಷ್ಟೆ. ಅದೇ ವರ್ಷ ಜೀವನ ಖರ್ಚಿಗೆಂದು ತೋರಿಸಬೇಕಾದ ಹಣ 10,000 ಡಾಲರ್‌ನಿಂದ 20,635ಕ್ಕೆ ಏರಿತು. ಫೀಸು ಬೇರೆ. ಬೇಕಾದಾಗ ದುಡಿಯೋಕೆ ಬಾ ಅನ್ನೋದು, ಮನೆ ಬಾಡಿಗೆ ಏರಿದ್ರೆ ವಿದ್ಯಾರ್ಥಿಗಳ ಮೇಲೆ ಗೂಬೆ ಕೂರಿಸೋದು, ಅಲ್ಲಿನ ರಾಜಕಾರಣವೂ ಇಷ್ಟೇ.

ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ಣ ದಿನ ದುಡಿಯಬಹುದು, ಕೋರ್ಸಿನ ಕಡ್ಡಾಯ ಇಂಟರ್ನ್‌ಶಿಪ್ ಆ ಲೆಕ್ಕಕ್ಕೆ ಸೇರಲ್ಲ ಅಂತಲೂ ಹೇಳಿದೆ. ಚಿಕ್ಕಪ್ಪ ಮಾತಾಡಲಿಲ್ಲ. ಅಡಮಾನದ ಕಾಗದಕ್ಕೆ ಇನ್ನೂ ಸಹಿ ಬಿದ್ದಿಲ್ಲ.